ಚಾರಣದ ದಾರಿ ತೆರೆಯುವ ಮೊದಲು: ಅರಣ್ಯ ಇಲಾಖೆಗೂ ನಮ್ಮ ಸೀಮೆಯವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ, ಕೆನರಾ ವೃತ್ತ, ಶಿರಸಿ;
ಬೇಡ್ತಿ ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯವರಿಗೆ;
ಶಿರಸಿ, ಯಲ್ಲಾಪುರ, ಸಿದ್ದಾಪುರ ಸೀಮೆಯ ಗ್ರಾಮ ಅರಣ್ಯ ಸಮಿತಿಗಳಿಗೆ;
ಮತ್ತು ವಾರದ ಕೊನೆಗೆ ನಮ್ಮ ಗುಡ್ಡಗಳಿಗೆ ಬರುವ ಎಲ್ಲರಿಗೆ,

ನಮಸ್ಕಾರ.

ನಾನು ಶಿರಸಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರ. ಮನೆಯ ಹಿಂದೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರಾಚೆ ಕಾನು, ಅಂದರೆ ಸದಾ ಹಸಿರಾದ ದಟ್ಟ ಕಾಡು. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಕಾಡಿನಲ್ಲಿ ಚಾರಣಕ್ಕೆ ಒಂದು ದಾರಿ ತೆರೆದರೆ, ಆ ದಾರಿಯ ಎರಡೂ ಬದಿಯ ಕಳೆ ಕೀಳುವ ಏರ್ಪಾಡನ್ನೂ ಅದರ ಜೊತೆಗೇ ಮಾಡಿ. ಊರಿನವರು ದಾರಿ ತೋರಿಸಲಿ, ಕಲಿಸಲಿ. ನಡೆಯಲು ಬಂದವರು ಕೈಜೋಡಿಸಲಿ. ಚಾರಣ ಒಂದು ಕಡೆ, ಕಳೆ ಕೀಳುವ ಶ್ರಮದಾನ ಇನ್ನೊಂದು ಕಡೆ ಎಂದು ಇವನ್ನು ಬೇರೆ ಮಾಡಬೇಡಿ.

ಯಾಕೆಂದರೆ ಕಳೆ ಕಾಡಿನೊಳಗೆ ಬರುವುದೇ ದಾರಿ ಹಿಡಿದು.

ಯುಪಟೋರಿಯಂ ಎಂಬ ಕಳೆಗಿಡವನ್ನೇ ನೋಡಿ. ದಟ್ಟ ನೆರಳಿನಲ್ಲಿ ಅದು ಏಳುವುದಿಲ್ಲ. ಮಧ್ಯಾಹ್ನವೂ ಬಿಸಿಲು ನೆಲ ಮುಟ್ಟದ ಹಳೆಯ ಕಾನಿನೊಳಗೆ ಅದನ್ನು ಹುಡುಕಿದರೂ ಸಿಗುವುದು ಕಷ್ಟ. ಅದೇ ಕಾನಿನಲ್ಲಿ ಒಂದು ರಸ್ತೆ ಕಡಿಯಲಿ, ವಿದ್ಯುತ್ ಲೈನ್ ಎಳೆಯಲಿ, ನಾಲ್ಕು ಮರ ಬಿದ್ದು ಬಿಸಿಲು ಬೀಳಲಿ. ಕೆಲವೇ ಮಳೆಗಾಲದಲ್ಲಿ ಅದು ಆಳೆತ್ತರ ಬೆಳೆದು ನಿಲ್ಲುತ್ತದೆ. ಸಂಕ್ರಾಂತಿ ಹೊತ್ತಿಗೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ ಹೂ ಬಿಟ್ಟಿರುತ್ತದೆ. ಶಿವರಾತ್ರಿ ಹೊತ್ತಿಗೆ ಬೀಜ ಹಾರಲು ಶುರು. ಒಂದು ದೊಡ್ಡ ಗಿಡ ಹತ್ತಾರು ಸಾವಿರ ಬೀಜ ಬಿಡುತ್ತದೆ. ಬೀಜದ ತುದಿಯಲ್ಲಿ ಕೂದಲಿನ ಕುಚ್ಚು ಇರುತ್ತದೆ. ಗಾಳಿಗೆ ಹಾರುತ್ತದೆ, ಬಟ್ಟೆಗೆ ಅಂಟುತ್ತದೆ, ಬೂಟಿನ ಲೇಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಣ್ಣು ತುಂಬಿದ ಟಿಪ್ಪರ್ ಮತ್ತು ಜೆಸಿಬಿ ಚಕ್ರದ ಜೊತೆ ಇನ್ನೂ ದೂರ ಹೋಗುತ್ತದೆ. ಹಾಗಾಗಿ ಚಾರಣದ ದಾರಿ ಎಂದರೆ ಕಳೆಗೂ ಒಂದು ದಾರಿಯೇ. ನಡೆದು ಹೋದವರಿಗೆ ಅದು ಗೊತ್ತಾಗುವುದಿಲ್ಲ. ಅವರು ಬಂದು ಹೋದ ಎರಡು ವರ್ಷಕ್ಕೆ ನಮಗೆ ಗೊತ್ತಾಗುತ್ತದೆ.

ಈ ಗಿಡ ಅಮೆರಿಕದ ಉಷ್ಣವಲಯದ್ದು. 1840ರ ದಶಕದಲ್ಲಿ ಕೊಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದಿದ್ದು, ಅಲ್ಲಿಂದ ಹಬ್ಬಿತು. ಲಂಟಾನ ಎಂಬ ಮುಳ್ಳುಪೊದೆಯೂ ಆ ಖಂಡದ್ದೇ. 19ನೇ ಶತಮಾನದ ಆರಂಭದಲ್ಲಿ ಹೂವಿನ ಚಂದಕ್ಕೆಂದು ಅದೇ ಉದ್ಯಾನಕ್ಕೆ ಬಂತು. ಅವುಗಳ ತವರಿನಲ್ಲಿ ಅವನ್ನು ಹತೋಟಿಯಲ್ಲಿಡುವ ಹುಳ, ರೋಗಗಳಿವೆ. ಇಲ್ಲಿಗೆ ಗಿಡ ಮಾತ್ರ ಬಂತು. ದನ ಮುಟ್ಟುವುದಿಲ್ಲ, ಜಿಂಕೆ ಮುಟ್ಟುವುದಿಲ್ಲ, ಕಾಡುಕೋಣವೂ ಮೇಯುವುದಿಲ್ಲ. ಲಂಟಾನದ ಹಣ್ಣನ್ನು ಮಾತ್ರ ಪಿಕಳಾರದಂಥ ಹಕ್ಕಿಗಳು ತಿಂದು ಊರೂರಿಗೆ ಹಂಚುತ್ತವೆ.

ಇದರಿಂದ ನಾವು ಕಳೆದುಕೊಂಡದ್ದು ಏನು ಎಂದು ಪೇಟೆಯವರು ಕೇಳುತ್ತಾರೆ. ಹಸಿರು ಹಸಿರೇ ಅಲ್ವಾ, ಏನಾದರೇನು ಎಂದು. ಅವರಿಗೆ ನಮ್ಮ ಬೇಣಗಳನ್ನು ತೋರಿಸಬೇಕು. ಬೇಣ ಎಂದರೆ ಕರಡ ಬೆಳೆಯುವ ಹುಲ್ಲುಗಾವಲು. ಅಲ್ಲಲ್ಲಿ ಒಂದೊಂದು ಕೌಲು, ಹೊನ್ನೆ, ನೇರಳೆ ಮರ. ದನ ಮೇಯುತ್ತಿದ್ದವು. ಮನೆಯ ಮಾಡಿಗೂ, ಹಟ್ಟಿಗೂ ಅಲ್ಲಿಂದಲೇ ಕರಡ ಬರುತ್ತಿತ್ತು. ಬೇಸಿಗೆಯಲ್ಲಿ ಮಕ್ಕಳು ಕವಳಿಹಣ್ಣು, ನೇರಲಹಣ್ಣು, ಬಿಕ್ಕೆ ಹುಡುಕಿಕೊಂಡು ಇಡೀ ದಿನ ಅಲ್ಲೇ ಇರುತ್ತಿದ್ದರು. ಈಗ ಎಷ್ಟೋ ಬೇಣಗಳಲ್ಲಿ ಕಾಲಿಡಲು ಜಾಗವಿಲ್ಲ. ಯುಪಟೋರಿಯಂ ಎದೆಯೆತ್ತರಕ್ಕೆ ಇದೆ. ಅದರ ಅಡಿಯಲ್ಲಿ ಕವಳಿ ಮಟ್ಟಿ ಸತ್ತಿದೆ, ಹುಲ್ಲು ಸತ್ತಿದೆ. ಮತ್ತಿ, ನಂದಿ, ಹೊನ್ನೆಯ ಸಸಿಗಳು ಬಿಸಿಲು ಕಾಣದೆ ಅಲ್ಲೇ ಕೊಳೆಯುತ್ತವೆ. ಬೇಸಿಗೆಯಲ್ಲಿ ಇದೇ ಗಿಡ ಒಣಗಿ ನಿಂತಿರುತ್ತದೆ. ಬೆಂಕಿ ಬಿದ್ದರೆ ನೆಲದ ದರಕು (ಒಣ ಎಲೆ) ಸುಡುವುದಕ್ಕೆ ನಿಲ್ಲುವುದಿಲ್ಲ. ಈ ಒಣ ಗಿಡಗಳನ್ನೇ ಹಿಡಿದು ಮೇಲೇರಿ ಮರದ ತೊಗಟೆಯನ್ನೂ ಸುಡುತ್ತದೆ. ಮರದ ಸಸಿಗಳು ಸಾಯುತ್ತವೆ. ಯುಪಟೋರಿಯಂ ಮಾತ್ರ ಮುಂದಿನ ಮಳೆಗೆ ಬುಡದಿಂದ ಮತ್ತೆ ಚಿಗುರುತ್ತದೆ.

ಇದನ್ನೆಲ್ಲ ಇಲಾಖೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗಸ್ತು ತಿರುಗುವ ಗಾರ್ಡ್‌ಗಳಿಗೆ, ವಾಚರ್‌ಗಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಅವರ ಕೈಯಲ್ಲಿ ಜನ ಕಡಿಮೆ, ಕೆಲಸ ಜಾಸ್ತಿ. ಅದಕ್ಕೇ ಈ ಪತ್ರ.

2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ್ದು ಎಲ್ಲರಿಗೂ ನೆನಪಿರಬಹುದು. ಅದಾದ ಮೇಲೆ ಸರ್ಕಾರ ಹಲವು ಚಾರಣಗಳನ್ನು ತಡೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ಬುಕಿಂಗ್ ಶುರುವಾಯಿತು. ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಒಳ್ಳೆಯದೇ ಆಯಿತು. ಆದರೆ 300 ಎನ್ನುವುದು ಪಶ್ಚಿಮ ಘಟ್ಟದ ದೊಡ್ಡ ಹುಲ್ಲುಬೆಟ್ಟಗಳಿಗೆ ನಡೆಯಬಹುದಾದ ಲೆಕ್ಕ. ನಮ್ಮ ಕಾನಿನೊಳಗಿನ ಕಿರುದಾರಿಗಳಿಗೆ ಅದು ವಿಪರೀತ ಆಗುತ್ತದೆ. ಯಾಣಕ್ಕೆ, ಉಂಚಳ್ಳಿಗೆ, ಮಾಗೋಡಿಗೆ ರಜೆಯ ದಿನ ಬರುವ ಜನರನ್ನು ನೋಡುತ್ತಿದ್ದೇವೆ. ಅವರೆಲ್ಲ ನೋಡುವ ಜಾಗ ನೋಡಿ ವಾಪಸ್ ಹೋಗುತ್ತಾರೆ, ಅದು ಸರಿ. ಈಗ ಅವರಲ್ಲಿ ಎಷ್ಟೋ ಮಂದಿ ಒಳದಾರಿ ಕೇಳುತ್ತಾರೆ. ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಕಡಲಂಚಿನ ಗುಡ್ಡದ ಮೇಲೆ ಸಾಲುಗಟ್ಟಿ ನಡೆದ ಗುಂಪುಗಳೇ ಮಾರನೇ ದಿನ ಘಟ್ಟ ಹತ್ತಿ ಬರುತ್ತವೆ. ಒಳದಾರಿಗಳು ಇವತ್ತಲ್ಲ ನಾಳೆ ತೆರೆಯುತ್ತವೆ. ತೆರೆಯುವ ಮೊದಲು ನಿಯಮ ಗಟ್ಟಿ ಮಾಡಿಕೊಳ್ಳೋಣ ಎನ್ನುವುದು ನನ್ನ ಮಾತು.

ಕಳೆ ಕೀಳುವ ಕಾರ್ಯಕ್ರಮಗಳು ಈಗಲೂ ನಡೆಯುತ್ತವೆ, ಇಲ್ಲವೆಂದಲ್ಲ. ಒಂದು ಸಲ ನಮ್ಮ ಊರಿನ ಹತ್ತಿರವೇ ಒಂದು ದೊಡ್ಡ ಗುಂಪು ಬಂದಿತ್ತು. ಯಾರು ಎನ್ನುವುದು ಬೇಡ. ಬಂದವರ ಮನಸ್ಸು ಒಳ್ಳೆಯದೇ ಇತ್ತು. ಬಂದಿದ್ದು ಮಾತ್ರ ಜನವರಿಯಲ್ಲಿ, ಗಿಡ ಪೂರ್ತಿ ಹೂ ಬಿಟ್ಟಾಗ. ನೆಲ ಕಲ್ಲಿನಷ್ಟು ಗಟ್ಟಿಯಾಗಿತ್ತು, ಬೇರು ಬರಲಿಲ್ಲ. ಎಳೆದಾಗ ಕಾಂಡ ತುಂಡಾಯಿತು. ಕಿತ್ತ ಗಿಡಗಳನ್ನು ದಾರಿಯ ಪಕ್ಕದಲ್ಲೇ ರಾಶಿ ಹಾಕಿದರು. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ಹೋದರು. ರಾಶಿಯಲ್ಲೇ ಬೀಜ ಬಲಿತು ಹಾರಿತು. ಮುರಿದ ಬುಡ ಒಂದಕ್ಕೆ ನಾಲ್ಕಾಗಿ ಚಿಗುರಿತು. ಆ ಗುಂಪು ಮತ್ತೆ ಬರಲಿಲ್ಲ. ಅವರನ್ನು ಮತ್ತೆ ಕರೆಯುವ ಕೆಲಸವನ್ನೂ ಯಾರೂ ಮಾಡಲಿಲ್ಲ. ಇಂಥ ಒಂದು ದಿನದ ಕೆಲಸದಿಂದ ಗಿಡಕ್ಕೆ ಲಾಭವೇ ಹೊರತು ಕಾಡಿಗಲ್ಲ.

ಹಾಗಾದರೆ ಯಾವಾಗ ಕೀಳಬೇಕು? ಇದಕ್ಕೆ ನಮ್ಮ ಊರಿನ ಪಂಚಾಂಗವೇ ಉತ್ತರ ಕೊಡುತ್ತದೆ. ಚೌತಿ ಮುಗಿದ ಮೇಲೆ ದೀಪಾವಳಿಯ ತನಕ. ಆಗ ಜಡಿಮಳೆ ತಗ್ಗಿರುತ್ತದೆ, ಮಣ್ಣು ಇನ್ನೂ ಮೆತ್ತಗಿರುತ್ತದೆ. ಕೈಯಲ್ಲಿ ಹಿಡಿದು ಎಳೆದರೆ ಎಳೆಯ ಗಿಡ ಬೇರು ಸಮೇತ ಬರುತ್ತದೆ. ಹೂ ಬಂದಿರುವುದಿಲ್ಲ, ಹಾಗಾಗಿ ಬೀಜದ ಭಯವಿಲ್ಲ. ಊರಿನವರಿಗೂ ಸ್ವಲ್ಪ ಬಿಡುವು ಇರುವ ಕಾಲ ಅದೇ. ಅಡಿಕೆಗೆ ಮದ್ದು ಹೊಡೆಯುವ ಗಡಿಬಿಡಿ ಮುಗಿದಿರುತ್ತದೆ, ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ.

ಆಷಾಢ, ಶ್ರಾವಣದ ಮಳೆಯಲ್ಲಿ ಈ ಕೆಲಸ ಬೇಡ. ಚಾರಣವೂ ಬೇಡ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕುಸಿದ ಗುಡ್ಡ ಜನರನ್ನೇ ಬಲಿ ತೆಗೆದುಕೊಂಡಿತು. ಮಳೆಗಾಲದಲ್ಲಿ ನಮ್ಮ ಇಳಿಜಾರುಗಳು ಎಷ್ಟು ಸಡಿಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಮಳೆ ತಗ್ಗಿದ ಮೇಲೂ ಕಡಿದಾದ ಇಳಿಜಾರಿನಲ್ಲಿ ಬೇರು ಕೀಳಬಾರದು. ಅಲ್ಲಿ ಬುಡಕ್ಕೆ ಕತ್ತಿ ಹಾಕಿ ಸವರಿದರೆ ಸಾಕು. ಚಿಗುರಿದಾಗ ಮತ್ತೆ ಸವರಬೇಕು.

ದೀಪಾವಳಿಯ ಆಚೆಗೆ ಯಾಕೆ ಬೇಡ ಎನ್ನುವುದನ್ನು ಹೊರಗಿನಿಂದ ಬರುವವರು ಸರಿಯಾಗಿ ತಿಳಿಯಬೇಕು. ಡಿಸೆಂಬರ್‌ನಿಂದ ಮೇ ತನಕ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಸಿದ್ದಾಪುರ, ಶಿರಸಿ, ಹೊನ್ನಾವರದ ಹಳ್ಳಿಗಳಲ್ಲಿ ಜೀವ ತೆಗೆದಿದೆ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದರೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಉಣುಗುಗಳು ದರಕಿನಲ್ಲಿ, ಪೊದೆಯಲ್ಲಿ ತುಂಬಿರುವುದು ಇದೇ ತಿಂಗಳುಗಳಲ್ಲಿ. ಆ ಸಮಯದಲ್ಲಿ ಹೊಸಬರನ್ನು ಕರೆದುಕೊಂಡು ಹೋಗಿ ಪೊದೆಯೊಳಗೆ ಕೈ ಹಾಕಿಸುವುದು ತಪ್ಪು. ಹಳೆಯ ಲಸಿಕೆಯನ್ನೂ ಈಗ ಕೊಡುತ್ತಿಲ್ಲ. ಅಕ್ಟೋಬರ್‌ನಲ್ಲೂ ಎಚ್ಚರ ಬೇಕು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಮನೆಗೆ ಹೋದ ಕೂಡಲೇ ಬಿಸಿನೀರಿನ ಸ್ನಾನ. ದಾರಿಯಲ್ಲಿ ಮಂಗ ಸತ್ತು ಬಿದ್ದಿದ್ದು ಕಂಡರೆ ಅಲ್ಲಿಗೇ ವಾಪಸ್, ಆಸ್ಪತ್ರೆಗೆ ಸುದ್ದಿ. ಪ್ರತಿ ಗುಂಪಿಗೂ ಹೊರಡುವ ಮೊದಲು ಇದನ್ನು ಹೇಳಲೇಬೇಕು. ಉಂಬಳ, ಅಂದರೆ ಜಿಗಣೆ, ಕಚ್ಚುತ್ತದೆ ಎಂದು ಹೆದರುವವರು ಜಾಸ್ತಿ. ಉಂಬಳದಿಂದ ಏನೂ ಆಗುವುದಿಲ್ಲ. ಹೆದರಬೇಕಾದ್ದು ಉಣುಗಿಗೆ.

ಇನ್ನು ಯಾವ ಗಿಡ ಕೀಳಬೇಕು, ಯಾವುದನ್ನು ಮುಟ್ಟಬಾರದು ಎನ್ನುವುದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಚಾರಣವನ್ನೂ ಕಳೆ ಕೀಳುವುದನ್ನೂ ಒಟ್ಟಿಗೆ ಇಡಿ ಎಂದು ಹಟ ಹಿಡಿದಿರುವುದೂ ಇದಕ್ಕೇ.

ಯುಪಟೋರಿಯಂ ಗುರುತಿಸುವುದು ಸುಲಭ. ಎಲೆಯ ಬುಡದ ಹತ್ತಿರದಿಂದ ಮೂರು ನರ ತ್ರಿಶೂಲದ ಹಾಗೆ ಕವಲೊಡೆದಿರುತ್ತವೆ. ಎಲೆ ಉಜ್ಜಿದರೆ ಘಾಟು ವಾಸನೆ. ನಮ್ಮಲ್ಲಿ ಕತ್ತಿ ತಾಗಿ ರಕ್ತ ಬಂದರೆ ಇದೇ ಎಲೆ ಜಜ್ಜಿ ಹಚ್ಚುತ್ತಾರೆ, ಹಾಗಾಗಿ ಮಕ್ಕಳಿಗೂ ಗೊತ್ತು. ಲಂಟಾನದ ಕಾಂಡ ಚೌಕಾಕಾರ, ಸಣ್ಣ ಮುಳ್ಳು, ಒರಟು ಎಲೆ. ಕಷ್ಟ ಬರುವುದು ಬಳ್ಳಿಗಳಲ್ಲಿ. ಕೊಡಗು, ಕೇರಳದಲ್ಲಿ ತೋಟ, ಕಾಡುಗಳನ್ನು ಮುಚ್ಚಿದ ಮೈಕೇನಿಯಾ ಎಂಬ ಬಳ್ಳಿಯ ಮೇಲೆ ನಾವೂ ಕಣ್ಣಿಡಬೇಕು. ಅದರ ಎಲೆ ಹೃದಯದ ಆಕಾರ. ಆದರೆ ನಮ್ಮ ಅಮೃತಬಳ್ಳಿಯದೂ ಹೃದಯದ ಆಕಾರವೇ. ಕಾಡುಮೆಣಸಿನದೂ ಹೆಚ್ಚುಕಡಿಮೆ ಹಾಗೇ. ಬೇಡ್ತಿ ಕಣಿವೆಯ ಹೆಮ್ಮೆಯಾದ, ಅಳಿವಿನ ಅಂಚಿಗೆ ಬಂದಿರುವ ಮರದರಿಶಿನದ ಎಲೆಯೂ ಹಾಗೇ ಕಾಣುತ್ತದೆ. ಮೈಕೇನಿಯಾದಲ್ಲಿ ಎಲೆಗಳು ಗಿಣ್ಣಿಗೆ ಎರಡರಂತೆ ಎದುರುಬದುರು ಬರುತ್ತವೆ. ಉಳಿದ ಮೂರರಲ್ಲಿ ಒಂದಾದ ಮೇಲೆ ಒಂದು. ಇಷ್ಟು ಗೊತ್ತಿಲ್ಲದ ಒಬ್ಬ ಉತ್ಸಾಹಿ, ಮರದರಿಶಿನದ ಒಂದು ಎಳೆಬಳ್ಳಿಯನ್ನು ಕಳೆ ಎಂದು ಕಿತ್ತು ಹಾಕಿದರೆ? ಆ ಬಳ್ಳಿ ಬೆಳೆದು ಹೂ ಬಿಡಲು ಎಷ್ಟೋ ವರ್ಷ ಬೇಕು. ಅಂಥ ಒಂದು ತಪ್ಪಿಗಿಂತ ನೂರು ಯುಪಟೋರಿಯಂ ಹಾಗೇ ಉಳಿದರೂ ಪರವಾಗಿಲ್ಲ.

ಹಾಗಾಗಿ ಮೊದಲು ನಡೆಯಬೇಕು. ಬೆಳಿಗ್ಗೆ ಎರಡು ಮೂರು ತಾಸು ನಿಧಾನವಾಗಿ ಕಾನಿನ ದಾರಿಯಲ್ಲಿ ನಡೆದು, ನಿಂತು, ಕೇಳಿ, ಎಲೆ ಮುಟ್ಟಿ ನೋಡಿದ ಮೇಲೆಯೇ ಗಿಡಕ್ಕೆ ಕೈ ಹಾಕಬೇಕು. ಇದು ಮುರುಗಲು, ಇದು ಉಪ್ಪಾಗೆ, ಇದು ವಾಟೆ, ಇದು ದಾಲ್ಚಿನ್ನಿ ಎಂದು ತೋರಿಸುವವರು ಜೊತೆಗಿರಬೇಕು. ಸಸಿ ಇದ್ದಾಗ ಹೇಗಿರುತ್ತದೆ, ಮರ ಆದಾಗ ಹೇಗಿರುತ್ತದೆ ಎಂದು ಹೇಳುವವರು ಬೇಕು. ಮಂಗಟ್ಟೆ ಹಕ್ಕಿ ಯಾವ ಹಣ್ಣು ತಿಂದು ಎಲ್ಲಿ ಬೀಜ ಹಾಕುತ್ತದೆ ಎಂದು ಬಲ್ಲವರು ಬೇಕು. ಹೀಗೆ ನಡೆದವರಿಗೆ ಮಧ್ಯಾಹ್ನ ಯುಪಟೋರಿಯಂ ನಡುವೆ ಒಂದು ಮುರುಗಲಿನ ಸಸಿ ಕಂಡರೆ ಕೈ ತಾನಾಗಿ ನಿಲ್ಲುತ್ತದೆ. ಸುಮ್ನೆ ಕತ್ತಿ ಕೊಟ್ಟು ಕಳಿಸಿದರೆ ನಿಲ್ಲುವುದಿಲ್ಲ.

ಈ ತಿಳಿವಳಿಕೆ ಇರುವವರು ನಮ್ಮ ಊರುಗಳಲ್ಲೇ ಇದ್ದಾರೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ ಶಾಲೆಯ ಓದು ಇರಲಿಲ್ಲ. ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸಸಿ ಮಾಡಿದ ಹಾಲಕ್ಕಿ ಹೆಣ್ಣುಮಗಳು. ಯಾವ ತಾಯಿಮರದಿಂದ ಯಾವಾಗ ಬೀಜ ಆರಿಸಬೇಕು ಎನ್ನುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ಪದ್ಮಶ್ರೀ ಬಂತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರ ಹಾಗೆ ಕಾಡು ಬಲ್ಲ ಹಾಲಕ್ಕಿಗಳು, ಕುಣಬಿಗಳು, ಸಿದ್ದಿಗಳು, ಗೌಳಿಗಳು, ಕರೆ ಒಕ್ಕಲಿಗರು, ಹಳ್ಳಿ ಹಳ್ಳಿಯಲ್ಲಿ ಗಿಡಮೂಲಿಕೆ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ದಾರಿ ತೋರಿಸುವ ಕೆಲಸ ಇವರಿಗೆ ಸಿಗಬೇಕು, ಸರಿಯಾದ ಸಂಬಳ ಕೊಟ್ಟು. ಕಾಡು ಗೊತ್ತಿಲ್ಲದ, ಮೈಕ್ ಹಿಡಿದ ಟೂರ್ ಲೀಡರ್‌ಗಳಿಗಲ್ಲ. ಹೊರಗಿನಿಂದ ಬಂದ ಸ್ವಯಂಸೇವಕರು ಬಿಟ್ಟಿ ದುಡಿಯುತ್ತಾರೆಂದು ಊರಿನ ಕೂಲಿಯವರ, ವಾಚರ್‌ಗಳ ದುಡಿಮೆ ಕಸಿಯುವ ಹಾಗೂ ಆಗಬಾರದು. ಸ್ವಯಂಸೇವೆ ಬಂದವರದು. ಊರಿನವರದು ಉದ್ಯೋಗ. ಟಿಕೆಟಿನ ಹಣದಲ್ಲಿ ದೊಡ್ಡ ಪಾಲು ಆ ದಾರಿ ಇರುವ ಊರಿನ ಗ್ರಾಮ ಅರಣ್ಯ ಸಮಿತಿಗೇ ಉಳಿಯಲಿ.

ಊರಿನವರ ಒಂದು ಭಯವನ್ನೂ ಇಲ್ಲೇ ಹೇಳಬೇಕು. ಪೇಟೆಯವರನ್ನು ಕಾಡಿಗೆ ಕರೆದರೆ ನಾಳೆ ನಮ್ಮ ಬೆಟ್ಟಕ್ಕೂ ಬೇಲಿ ಹಾಕುತ್ತಾರೆ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂದು ಬ್ರಿಟಿಷರ ಕಾಲದಿಂದ ಬಂದ ಸವಲತ್ತು ನಮ್ಮದು. ಅದರ ಸುತ್ತ ವಿವಾದ ಹೊಸದಲ್ಲ. ಹಾಗಾಗಿ ಇಲಾಖೆ ಬರವಣಿಗೆಯಲ್ಲಿ ಒಂದು ಮಾತು ಕೊಡಲಿ. ಕಳೆ ತೆಗೆದ ಜಾಗದ ಹಕ್ಕು, ಸವಲತ್ತು ಯಾವುದೂ ಈ ಕಾರ್ಯಕ್ರಮದಿಂದ ಬದಲಾಗುವುದಿಲ್ಲ ಎಂದು. ಅದು ಬಂದರೆ ಊರಿನವರೇ ಮುಂದೆ ಬರುತ್ತಾರೆ.

ಬೆಳೆಗಾರರಿಗೆ ಇದರಲ್ಲಿ ಲಾಭವೂ ಇದೆ. ಹೂ ಬರುವ ಮೊದಲು ಕೊಯ್ದ ಯುಪಟೋರಿಯಂ ಒಳ್ಳೆಯ ಹಸಿರೆಲೆ ಗೊಬ್ಬರ. ಕೊಚ್ಚಿ ಹಟ್ಟಿಗೆ ಹಾಸಿದರೆ, ಗೊಬ್ಬರದ ಗುಂಡಿಗೆ ಹಾಕಿದರೆ ಬೇಗ ಕೊಳೆಯುತ್ತದೆ. ನಮ್ಮ ಬೆಟ್ಟದ ಮರಗಳನ್ನು ವರ್ಷ ವರ್ಷ ಸೊಪ್ಪಿಗೆಂದು ಸವರಿ ಸವರಿ ಕಂಬ ಮಾಡಿದ್ದೇವೆ. ಒಂದು ಹೊರೆ ಯುಪಟೋರಿಯಂ ಗುಂಡಿಗೆ ಬಿದ್ದರೆ ಮರದ ಮೇಲಿನ ಒಂದು ಹೊರೆ ಸೊಪ್ಪು ಉಳಿಯಿತು. ಕಿತ್ತ ಗಿಡವನ್ನು ಹತ್ತಿರದ ತೋಟದವರು ಒಯ್ಯಲು ಇಲಾಖೆ ಬಿಡಬೇಕು. ಇದಕ್ಕೂ ಪಾಸು, ಕೇಸು ಎಂದರೆ ಯಾರೂ ಮುಟ್ಟುವುದಿಲ್ಲ, ರಾಶಿ ದಾರಿ ಬದಿಯಲ್ಲೇ ಉಳಿಯುತ್ತದೆ.

ಲಂಟಾನದ ಕೆಲಸ ಬೇರೆ. ಮೇಲೆ ಕಡಿದರೆ ಪ್ರಯೋಜನವಿಲ್ಲ, ಬೆಂಕಿ ಹಾಕಿದರೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಅವರ ತಂಡ ತೋರಿಸಿಕೊಟ್ಟ ಒಂದು ಕ್ರಮ ಇದೆ. ಕಾಂಡ ಮತ್ತು ಬೇರು ಕೂಡುವ ಜಾಗಕ್ಕಿಂತ ಕೆಳಗೆ, ಮಣ್ಣಿನೊಳಗೆ, ತಾಯಿಬೇರನ್ನು ಪಿಕಾಸಿಯಿಂದ ಕಡಿಯುವುದು. ಆಮೇಲೆ ಇಡೀ ಪೊದೆಯನ್ನು ಬುಡ ಮೇಲಾಗಿ ಮಗುಚಿ ಇಡುವುದು. ಹಾಗೆ ಮಾಡಿದರೆ ಅದು ಮತ್ತೆ ಬೇರು ಬಿಡುವುದಿಲ್ಲ, ನೆಲವನ್ನೂ ಹೆಚ್ಚು ಕೆದಕಿದಂತಾಗುವುದಿಲ್ಲ. ಜೆಸಿಬಿ ತಂದು ತೆಗೆಸುವುದು ಬೇಡ. ಕೆದರಿದ ಮಣ್ಣಿನಲ್ಲಿ ಮತ್ತೆ ಅದೇ ಕಳೆ ಮೊದಲು ಏಳುತ್ತದೆ. ಕಳೆನಾಶಕದ ಮಾತಂತೂ ಬೇಡವೇ ಬೇಡ. ಇಲ್ಲಿನ ಪ್ರತಿ ಇಳಿಜಾರಿನ ಕೆಳಗೂ ಒಂದು ಹಳ್ಳ ಇದೆ, ಹಳ್ಳದ ಕೆಳಗೆ ಒಂದು ತೋಟ ಇದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ. ಬುಟ್ಟಿ ಹೆಣೆಯುವ ಕೈಗಳು ನಮ್ಮಲ್ಲೂ ಇವೆ. ಆ ಕಸುಬು ಇಲ್ಲಿಗೂ ಬರಬಹುದು.

ಜಿಲ್ಲೆ ತುಂಬ ಹಬ್ಬಿದ ಗಿಡವನ್ನು ಹತ್ತು ಜನ ಕಿತ್ತರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಇಡೀ ಜಿಲ್ಲೆ ನಮ್ಮ ಗುರಿ ಆಗಬಾರದು. ಪೂರ್ತಿ ಹಾಳಾದ ಜಾಗದಿಂದ ಶುರು ಮಾಡುವುದೂ ಬೇಡ. ಕಾನು ಇನ್ನೂ ಗಟ್ಟಿ ಇದ್ದು, ಅಂಚಿನಲ್ಲಿ ಕಳೆ ಈಗಷ್ಟೇ ಕಾಲಿಡುತ್ತಿರುವ ಕಡೆ ಶುರು ಮಾಡೋಣ. ಚಾರಣದ ದಾರಿಯ ಎರಡೂ ಬದಿ, ಒಂದೈದು ಮೀಟರು. ಹಳ್ಳದ ಮೂಲ. ಮಂಗಟ್ಟೆ ಗೂಡು ಕಟ್ಟುವ ದೊಡ್ಡ ಮರಗಳ ಸುತ್ತ. ಇಷ್ಟು ಉಳಿಸಿಕೊಂಡರೆ ನೆರಳು ತಾನೇ ಹೊರಗೆ ಬೆಳೆದು ಬರುತ್ತದೆ. ನೆರಳು ಬಂದಲ್ಲಿ ಯುಪಟೋರಿಯಂ ಇರುವುದಿಲ್ಲ. ಬಿಸಿಲು ಜಾಸ್ತಿ ಇರುವ ಕಡೆ ಕಳೆ ತೆಗೆದ ಮೇಲೆ ಆ ಕಾಡಿನದೇ ಸಸಿ ನೆಡಬೇಕು, ಹತ್ತಿರದ ತಾಯಿಮರದ್ದೇ ಬೀಜದಿಂದ ಮಾಡಿದ್ದು. ದಯವಿಟ್ಟು ಅಕೇಶಿಯಾ ನೆಡಬೇಡಿ. ಕರಾವಳಿಯ ಗುಡ್ಡಗಳಲ್ಲಿ ದಶಕಗಳಿಂದ ನೆಟ್ಟ ಆ ಆಸ್ಟ್ರೇಲಿಯಾದ ಮರ ಏನು ಮಾಡಿದೆ ಎಂದು ಕುಮಟಾ, ಹೊನ್ನಾವರದ ಕಡೆ ಹೋದ ಯಾರಿಗೂ ಕಾಣುತ್ತದೆ.

ಹೊಸಬರು ಕಾಲಿಡಲೇಬಾರದ ಜಾಗಗಳೂ ಇವೆ. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ಇರುವ ರಾಮಪತ್ರೆ ಜಡ್ಡಿಗಳು. ನೀರು ನಿಂತ ಆ ಕೆಸರಿನಲ್ಲಿ ಮರದ ಬೇರುಗಳು ಉಸಿರಾಡಲು ಮಂಡಿಯೂರಿದ ಹಾಗೆ ಮೇಲೆ ಬಂದಿರುತ್ತವೆ. ನಾಲ್ಕು ಜನ ತುಳಿದರೆ ಸಾಕು, ಸಸಿಗಳು ಹೋಗುತ್ತವೆ. ಅಲ್ಲಿ ಚಾರಣವೂ ಬೇಡ, ಶ್ರಮದಾನವೂ ಬೇಡ. ಅಂಚಿನ ಕಳೆಯನ್ನು ಇಲಾಖೆಯ ತರಬೇತಿ ಪಡೆದ ಕೆಲವರೇ ನೋಡಿಕೊಳ್ಳಲಿ.

ಒಂದೇ ಜಾಗಕ್ಕೆ ಕಡಿಮೆ ಎಂದರೂ ಮೂರು ವರ್ಷ ಬರಬೇಕು. ಮಣ್ಣಿನಲ್ಲಿ ಬಿದ್ದ ಬೀಜದಲ್ಲಿ ಹೆಚ್ಚಿನದು ಮೊದಲ ಮಳೆಗೇ ಮೊಳೆಯುತ್ತದೆ, ಉಳಿದದ್ದು ಇನ್ನೂ ಕೆಲವು ವರ್ಷ ಕಾದು ಕೂತಿರುತ್ತದೆ. ಮೊದಲ ವರ್ಷದ ಕೆಲಸ ಮೈಮುರಿಯುವಂಥದ್ದು. ಎರಡನೇ ವರ್ಷ ಅರ್ಧದಷ್ಟೂ ಇರುವುದಿಲ್ಲ. ಮೂರನೇ ವರ್ಷ ನಡೆಯುತ್ತಾ ನಡೆಯುತ್ತಾ ಅಲ್ಲಲ್ಲಿ ಬಗ್ಗಿ ಕಿತ್ತರೆ ಮುಗಿಯಿತು. ಎರಡನೇ ವರ್ಷ ಬಿಟ್ಟರೆ ಮೊದಲ ವರ್ಷದ ಬೆವರೆಲ್ಲ ನೀರಿಗೆ. ಇದಕ್ಕಾಗಿ ಒಂದೊಂದು ದಾರಿಯ ಒಂದೊಂದು ತುಂಡನ್ನು ಒಂದೊಂದು ಗುಂಪಿಗೆ ವಹಿಸಿ. ಒಂದು ಕಾಲೇಜಿನ ಎನ್‌ಎಸ್‌ಎಸ್ ಘಟಕ, ಹುಬ್ಬಳ್ಳಿಯ ಒಂದು ಚಾರಣ ಬಳಗ, ಬೆಂಗಳೂರಿನ ಒಂದು ಕಚೇರಿಯ ಗೆಳೆಯರು, ಯಾರೇ ಆಗಲಿ. ಗುಂಪಿಗೆ ಹನ್ನೆರಡು, ಹದಿನೈದು ಜನ ಸಾಕು. ಮೂರು ವರ್ಷ ಬರುತ್ತೇವೆ ಎಂದು ಒಪ್ಪಿದವರಿಗೆ ಮಾತ್ರ ಕೊಡಿ.

ಲೆಕ್ಕ ಇಡುವ ಕೆಲಸಕ್ಕೆ ಶಿರಸಿಯಲ್ಲೇ ಅರಣ್ಯ ಕಾಲೇಜು ಇದೆ, 1985ರಿಂದ. ಆ ವಿದ್ಯಾರ್ಥಿಗಳು ಒಂದೊಂದು ತುಂಡಿನಲ್ಲಿ ಗೂಟ ಹೊಡೆದು, ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆದು, ಚೌಕದೊಳಗಿನ ಸಸಿ ಎಣಿಸಿ ಇಡಲಿ. ಕೆಲಸ ಆಗಿದೆಯೋ ಇಲ್ಲವೋ ಎಂದು ಆಗ ಯಾರೂ ಬಾಯಿಮಾತಿನಲ್ಲಿ ಹೇಳಬೇಕಾಗಿಲ್ಲ. ಶಾಲೆಯ ಮಕ್ಕಳಿಗೆ ಇಲಾಖೆಯ ‘ಚಿಣ್ಣರ ವನ ದರ್ಶನ’ ಇದ್ದೇ ಇದೆ. ಕಳೆ ತೆಗೆದ ದಾರಿಯಲ್ಲೇ ಅವರನ್ನೂ ಕರೆದುಕೊಂಡು ಹೋಗಬಹುದು.

ಕಾನೂನಿನ ಮಾತು. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅನುಮತಿ ಇಲ್ಲದೆ ಮೀಸಲು ಅರಣ್ಯ ಹೊಕ್ಕು ಗಿಡ ಕೀಳುವುದು ಅಪರಾಧ. ಇರಲೇಬೇಕಾದ ನಿಯಮ. ಅದಕ್ಕೇ ನಾವು ಅನುಮತಿ ಕೇಳುತ್ತಿರುವುದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಬಿ ಕಲಂ ಸಂರಕ್ಷಣಾ ಮೀಸಲುಗಳಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು ಎನ್ನುತ್ತದೆ. ಮೀಸಲು ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರು ಅದರಲ್ಲಿರುತ್ತಾರೆ. ಮಾಗೋಡು, ಜೇನುಕಲ್ಲು ಗುಡ್ಡಗಳನ್ನು ಒಳಗೊಂಡ ಬೇಡ್ತಿ ಸಂರಕ್ಷಣಾ ಮೀಸಲು 2011ರಲ್ಲಿ ಆಯಿತು. ಊರಿನವರಿಗೆ ಬಾಗಿಲು ಮುಚ್ಚದೆ ಕಾಡು ಕಾಯುವುದಕ್ಕೆಂದೇ ಇರುವ ವ್ಯವಸ್ಥೆ ಇದು. ಮೊದಲ ಪ್ರಯೋಗ ಅಲ್ಲಿಂದಲೇ ಆಗಲಿ. ಹುಲಿ ಸಂರಕ್ಷಿತ ಪ್ರದೇಶ, ಅಭಯಾರಣ್ಯಗಳ ಒಳಗೆ ಹೋಗುವ ಮಾತು ನಾವು ಆಡುತ್ತಿಲ್ಲ.

ಈ ಜಿಲ್ಲೆಯ ಜನರಿಗೆ ಕಾಡಿನ ಕೆಲಸ ಹೊಸದಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಮಳೆಯ ತಿಂಗಳಲ್ಲೇ ಕಳಸೆ ಕಾಡಿಗೆ ನಡೆದುಹೋಗಿ, ಮರ ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡರು. ಅವತ್ತು ಇಲಾಖೆ ಒಂದು ಕಡೆ, ಜನ ಒಂದು ಕಡೆ. ಈ ಕೆಲಸದಲ್ಲಿ ಇಬ್ಬರೂ ಒಂದೇ ಕಡೆ ನಿಲ್ಲಬಹುದು.

ಚಾರಣಕ್ಕೆ ಬರುವ ಗೆಳೆಯರಿಗೆ ನೇರವಾಗಿ ನಾಲ್ಕು ಮಾತು. ನೀವು ಬರುವುದು ನಮಗೆ ಸಂತೋಷವೇ. ಕಾಡಿನ ದಾರಿ ಹಿಡಿಯುವ ಮೊದಲು ಬೂಟು ಕೊಡವಿ, ಬ್ರಷ್ ಹಾಕಿ ತಿಕ್ಕಿ. ಕಾಡಿನಿಂದ ಹೊರಗೆ ಬಂದ ಮೇಲೂ ತಿಕ್ಕಿ. ಪ್ಯಾಂಟಿಗೆ ಅಂಟಿದ ಬೀಜವನ್ನು ದಾರಿಯಲ್ಲಿ ಉದುರಿಸಬೇಡಿ, ಚೀಲದಲ್ಲಿ ಹಾಕಿಕೊಳ್ಳಿ. ಹೊಸ ಅಡ್ಡದಾರಿ ಮಾಡಬೇಡಿ. ಒಂದು ಅಡ್ಡದಾರಿ ಎಂದರೆ ಬಿಸಿಲು ಬೀಳುವ ಇನ್ನೊಂದು ಸೀಳು. ಜಾಗದ ಗುರುತು ಹಾಕಿ ವೀಡಿಯೋ ಹಂಚಬೇಡಿ. ಒಂದು ರೀಲ್ ನೋಡಿ ಮುಂದಿನ ಭಾನುವಾರ ಇನ್ನೂರು ಜನ ಬಂದರೆ ಆ ದಾರಿ ಉಳಿಯುವುದಿಲ್ಲ. ಒಂದು ವರ್ಷಕ್ಕೆ ಹತ್ತು ಹೊಸ ಜಾಗ ನೋಡುವ ಬದಲು ಒಂದೇ ಜಾಗಕ್ಕೆ ಮೂರು ವರ್ಷ ಬನ್ನಿ. ನಿಮ್ಮ ಕೈಯಿಂದ ಬಿಸಿಲು ಸಿಕ್ಕ ಹೊನ್ನೆಯ ಸಸಿ ಎಷ್ಟು ಎತ್ತರ ಬಂತು ಎಂದು ನೀವೇ ನೋಡಬಹುದು. ಮಧ್ಯಾಹ್ನದ ಊಟ ನಮ್ಮ ಮನೆಗಳಲ್ಲಿ.

ಅಧಿಕಾರಿಗಳೇ, ನಮಗೆ ಬೇಕಾಗಿರುವುದು ದೊಡ್ಡ ಅನುದಾನವಲ್ಲ. ಒಂದು ಆದೇಶ. ಬೇಡ್ತಿ ಮೀಸಲಿನಲ್ಲಿ ಒಂದು ದಾರಿಯನ್ನು ಇಲಾಖೆಯೇ ಆರಿಸಲಿ. ಆ ಊರಿನ ಗ್ರಾಮ ಅರಣ್ಯ ಸಮಿತಿಗೆ ಅದನ್ನು ಮೂರು ವರ್ಷಕ್ಕೆ ವಹಿಸಲಿ. ದಾರಿ ತೋರಿಸುವವರಿಗೆ ತರಬೇತಿ, ಗುರುತಿನ ಚೀಟಿ, ವಿಮೆ ಕೊಡಲಿ. ಅನುಮತಿಗೆ ಯಾರಲ್ಲಿ ಅರ್ಜಿ ಹಾಕಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂದು ಆದೇಶದಲ್ಲೇ ಬರೆಯಲಿ. ಕತ್ತಿ, ಪಿಕಾಸಿ, ಕೈಗವಸು ನಮ್ಮಲ್ಲೇ ಇವೆ. ನವೆಂಬರ್ ಕೊನೆಗೆ ಹೂ ಬರಲು ಶುರುವಾಗುತ್ತದೆ. ಬರುವ ಚೌತಿಯೊಳಗೆ ಆದೇಶ ಕೈಗೆ ಸಿಕ್ಕಿದರೆ ಈ ವರ್ಷದ ಬೀಜ ಬೀಳುವ ಮೊದಲೇ ಒಂದು ದಾರಿಯ ಕೆಲಸ ಮುಗಿಸಬಹುದು.

ನಿಮ್ಮ ಉತ್ತರ ಕಾಯುತ್ತಾ,

ಶಿರಸಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರ